ಗುಡ್ಡದ ಗಾಡಿಗೆ ಡಬ್ಬಿ ಆರಿಸಿದ ವರ್ಷ

ಆಗುವ ಮಾತಲ್ಲ ಅಂದವರು ಪಂಪಾಪತಿ. ರಾಯದುರ್ಗದ ಹೊರಗೆ, ಗುಡ್ಡದ ಬುಡದಲ್ಲಿದ್ದ ನಮ್ಮ ಗಾಡಿ ಷೆಡ್ಡಿಗೆ ಅವರು ಫೋರ್‌ಮನ್. ನಾನು ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವವಳು. ಎಂಜಿನಿಯರಿಂಗ್ ಪದವಿಗೆ ಓದುತ್ತಿದ್ದೇನೆ, ಅದರ ಕೊನೆಯ ಪ್ರಾಜೆಕ್ಟಿಗೆ ನಮ್ಮ ಗಾಡಿಗಳ ಹಿಂದಿನ ಆಕ್ಸಲಿನ ಬೇರಿಂಗ್ ಕ್ಯಾರಿಯರನ್ನೇ, ಷೆಡ್ಡಿನವರ ಮಾತಿನಲ್ಲಿ ಡಬ್ಬಿಯನ್ನೇ, ವಿಷಯ ಮಾಡಿಕೊಂಡಿದ್ದೇನೆ ಎಂದು ಹೇಳಿದಾಗ ಅವರು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಡಬ್ಬಿ ಆರಿಸಿ ಡಿಗ್ರಿ ತಗಂಡೋರನ್ನ ನಾ ಎಲ್ಲೂ ನೋಡಿಲ್ರಿ. ಇದು ಆಗು ಮಾತಲ್ಲ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರಿಗೆ ನನ್ನ ಮೇಲೆ ಕನಿಕರವಿತ್ತು. ನನಗೆ ಆಗಲೇ ನಲವತ್ತು ದಾಟಿತ್ತು. ಕೆಲಸದಲ್ಲಿರುವವರಿಗಾಗಿ ಬಳ್ಳಾರಿಯ ಕಾಲೇಜೊಂದು ನಡೆಸುತ್ತಿದ್ದ ತರಗತಿಗೆ ರಜೆಯ ದಿನಗಳಲ್ಲಿ ಬಸ್ಸು ಹಿಡಿದು ಹೋಗುತ್ತಿದ್ದೆ. ಫೇಲಾಗುತ್ತ ಪಾಸಾಗುತ್ತ ಎಲ್ಲ ವಿಷಯಗಳನ್ನೂ ಮುಗಿಸಿದ್ದೆ. ಉಳಿದದ್ದು ಪ್ರಾಜೆಕ್ಟು ಒಂದೇ. ಆ ವರ್ಷ ಅದು ಪಾಸಾಗದಿದ್ದರೆ ಅವಧಿ ಮುಗಿಯುತ್ತದೆ, ಹಿಂದೆ ಪಾಸಾದದ್ದೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಬರೆಯಬೇಕು ಎಂದು ಕಾಲೇಜಿನವರು ಖಂಡಿತವಾಗಿ ಹೇಳಿದ್ದರು. ಮೊದಲಿಂದ ಬರೆಯುವ ಶಕ್ತಿ ನನ್ನಲ್ಲಿ ಇರಲಿಲ್ಲ. ತೌರಿನಲ್ಲೂ ಗಂಡನ ಮನೆಯಲ್ಲೂ ಪದವಿಯವರೆಗೆ ಹೋದವರು ಯಾರೂ ಇಲ್ಲ. ಹೋದರೆ ನಾನೇ ಹೋಗಬೇಕು, ಅದೂ ಅದೇ ವರ್ಷ.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಮಧ್ಯಾಹ್ನ ಊಟ ಮಾಡಿ ಮಲಗಿದರೆ ಮೇಲಿನ ಫ್ಯಾನಿನ ಸದ್ದು ಕಿವಿಗೆ ಬೀಳುತ್ತದೆ. ಕಣ್ಣು ಮುಚ್ಚಿಕೊಂಡೇ ಇದರ ಬೇರಿಂಗು ಇನ್ನೆಷ್ಟು ದಿನ ಬಂದೀತು ಎಂದು ಯೋಚಿಸುತ್ತೇನೆ. ಹಾಗೆ ಯೋಚಿಸುತ್ತಲೇ ಎಲ್ಲಿಗೋ ಹೋಗಿಬಿಡುತ್ತೇನೆ. ಷೆಡ್ಡಿನ ಅಂಗಳ, ಬೆಳಗಿನ ಎಳೆ ಬಿಸಿಲು, ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಯ ನೆರಳು ಅಂಗಳದ ಮೇಲೆ ಒಂದಾದ ಮೇಲೊಂದು ಹಾಯುವುದು. ದೊಡ್ಡ ಹಕ್ಕಿಯೊಂದು ಬಗ್ಗಿ ನೋಡಿ ಹೋದ ಹಾಗೆ. ನಮ್ಮ ಕಡೆಯವರು ಆ ಯಂತ್ರಗಳಿಗೂ ಫ್ಯಾನು ಅಂತಲೇ ಅನ್ನುತ್ತಾರೆ. ಷೆಡ್ಡಿನ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ಮನೆಗೆ ಬಂದು ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮಡಕಶಿರಾ ಸೀಮೆಯಲ್ಲಿ, ಹೇಮಾವತಿಗೆ ಹತ್ತಿರದ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಹುಳ, ಒಂದಿಷ್ಟು ಕಡಲೆಕಾಯಿ. ಓದಿದ್ದು ಕನ್ನಡ ಶಾಲೆ. ಆಮೇಲೆ ಹಿಂದೂಪುರದಲ್ಲಿ ಡಿಪ್ಲೊಮಾ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ಮಾತು ತೆಲುಗಿನಲ್ಲಿ, ನನ್ನ ಲೆಕ್ಕ ಮಾತ್ರ ತಲೆಯೊಳಗೆ ಕನ್ನಡದಲ್ಲೇ ನಡೆಯುತ್ತಿತ್ತು. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ನಮ್ಮವರೂ ನಮ್ಮ ಮಾವ ತಿಮ್ಮಪ್ಪನವರೂ ಜೀನ್ಸ್ ಹೊಲಿಯುವವರು. ನಮ್ಮ ಬೀದಿಯಲ್ಲಿ ಹೊಲಿಗೆ ಮಿಷನ್ನುಗಳ ಸದ್ದಿಲ್ಲದ ಹೊತ್ತೇ ಇಲ್ಲ. ಷೆಡ್ಡಿನಲ್ಲಿ ಬಾಯಿ ತೆರೆದರೆ ಸಾಕು, ನನ್ನ "ಐತೆ", "ಬತ್ತೀನಿ" ಕೇಳಿ ಎಲ್ಲರೂ ನಗುತ್ತಿದ್ದರು. ಅವರದು ಬಳ್ಳಾರಿ ಕಡೆಯ ಮಾತು.

ಷೆಡ್ಡಿನ ಗಾಡಿಗಳು ರಸ್ತೆಯವಲ್ಲ. ನಾಲ್ಕು ದಪ್ಪ ಚಕ್ರ, ಮೇಲೆ ಮೋಟಾರ್ ಸೈಕಲಿನಂಥ ಹ್ಯಾಂಡಲು, ಹಿಂದೆ ಸಾಮಾನು ಕಟ್ಟುವ ಸರಳು. ಕಲ್ಲು, ಕೊರಕಲು, ಎರೆಮಣ್ಣಿನ ಕೆಸರು ಎಲ್ಲದರ ಮೇಲೂ ಹತ್ತುತ್ತಿದ್ದವು. ಫ್ಯಾನುಗಳ ರಿಪೇರಿಗೆ ಹೋಗುವವರನ್ನು ಗುಡ್ಡಕ್ಕೆ ಒಯ್ಯುವುದು, ಮಡಕಶಿರಾ ಕಡೆಯ ಕರೆಂಟು ಲೈನು ನೋಡಿ ಬರುವುದು ಅವುಗಳ ಕೆಲಸ. ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ಉದ್ದನೆಯ ಆಕ್ಸಲು. ಅದರ ನಡುಭಾಗವನ್ನು ಹಿಡಿದು ನಿಲ್ಲಿಸುವ ದುಂಡನೆಯ ಲೋಹದ ಮನೆಯೇ ಬೇರಿಂಗ್ ಕ್ಯಾರಿಯರ್. ಒಳಗೆ ಆಚೆಗೊಂದು ಈಚೆಗೊಂದು ಬೇರಿಂಗು, ನಡುವೆ ಅಂತರ ಕಾಯುವ ಒಂದು ಕೊಳವೆ, ಎರಡೂ ಬಾಯಿಗೆ ರಬ್ಬರಿನ ಸೀಲು. ಷೆಡ್ಡಿನಲ್ಲಿ ಎಲ್ಲರೂ ಅದಕ್ಕೆ ಡಬ್ಬಿ ಅನ್ನುತ್ತಿದ್ದರು. ಡಬ್ಬಿ ಕೆಟ್ಟರೆ ಚಕ್ರ ಅಲುಗಾಡುತ್ತದೆ, ಚೈನು ಹಾರುತ್ತದೆ, ಇಳಿಜಾರಿನಲ್ಲಿ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಡಬ್ಬಿಗಳು ಕೆಡುತ್ತಲೇ ಇದ್ದವು.

ನಾನು ಸೇರಿದ ಹೊಸತರಲ್ಲಿ ಡಬ್ಬಿ ಕೆಟ್ಟಿದೆಯೋ ಇಲ್ಲವೋ ಎಂದು ಅಂಗೈಯಿಂದಲೇ ನೋಡುತ್ತಿದ್ದರು. ಗುಡ್ಡದಿಂದ ಗಾಡಿ ಇಳಿದ ಕೂಡಲೇ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಮೆಲ್ಲಗೆ ತಿರುಗಿಸಿ, ಡಬ್ಬಿಯ ಮೇಲೆ ಅಂಗೈ ಇಡುವುದು. ಒಳ್ಳೆಯ ಬೇರಿಂಗು ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಕೆಡುತ್ತಿರುವುದು ರಾಗಿ ಬೀಸಿದ ಹಾಗೆ ಕೈಗೆ ತಾಗುತ್ತದೆ. ಪಂಪಾಪತಿ ಇದನ್ನು ನನಗೆ ಕಲಿಸಿಕೊಟ್ಟರು. ಕಣ್ಣು ಮುಚ್ಚಿಕೊಳ್ಳಬೇಕು ಎಂದು ಅವರ ಕಟ್ಟಪ್ಪಣೆ. ಕಣ್ಣು ಮುಚ್ಚಿ ಅಂಗೈ ಇಟ್ಟರೆ ಆಕ್ಸಲು ಸುತ್ತುವುದು ನನ್ನ ಮೈಯೊಳಗೇ ಸುತ್ತಿದಂತಾಗಿ, ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಆಮೇಲೆ ಮುಳ್ಳಿನ ಅಳತೆಯ ಗೇಜು ಬಂತು, ದೂರದಿಂದಲೇ ಬಿಸಿ ತೋರಿಸುವ ಯಂತ್ರ ಬಂತು. ಈಗಿನವರು ಅದನ್ನೇ ನಂಬಿ. ಆದರೆ ಒಮ್ಮೆ ಅಂಗೈಯನ್ನೂ ಇಟ್ಟು ನೋಡಿ. ಗೇಜು ಹೇಳುವ ಮುಂಚೆ ಅಂಗೈ ಹೇಳಿದ್ದುಂಟು.

ನಮ್ಮ ಮೇಲಿನವರ ಪೈಕಿ ಒಬ್ಬ ಮ್ಯಾನೇಜರಿದ್ದರು. ಒಳ್ಳೆಯವರು, ಬಿಳಿ ಅಂಗಿಗೆ ಗ್ರೀಸ್ ತಾಗಿದರೂ ಬೇಜಾರು ಮಾಡಿಕೊಳ್ಳದವರು. ಡಬ್ಬಿ ಆರಿಸುವಾಗ ಮಾತ್ರ ಹೊಳಪು ನೋಡುತ್ತಿದ್ದರು. ಕೆಂಪು ಬಣ್ಣ ಹೊಡೆದ, ಕನ್ನಡಿಯಂಥ ಡಬ್ಬಿ ಕಂಡರೆ ಅವರಿಗೆ ಪ್ರೀತಿ. ಅಂಥ ಡಬ್ಬಿಯನ್ನು, ಅದು ಕೂರುವ ಗಾಡಿಯ ಹಿಂದಿನ ಕಬ್ಬಿಣದ ತೋಳಿನೊಳಗೆ ತಿರುಗಿಸಿದರೆ ಚೈನು ಬಿಗಿಯಾಗುತ್ತದೆ, ಬಿಗಿಯಾದ ಮೇಲೆ ಬೋಲ್ಟಿನಿಂದ ಹಿಡಿಸಬೇಕು. ನಮ್ಮ ಹುಡುಗರು ಆ ಬೋಲ್ಟಿಗೆ ಉದ್ದದ ಪೈಪು ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಬಿಗಿಯುತ್ತಿದ್ದರು. ಬಿಗಿದಷ್ಟೂ ಭದ್ರ ಎಂದು ಅವರ ನಂಬಿಕೆ. ದುಂಡನೆಯ ಡಬ್ಬಿ ಅಮುಕಿಸಿಕೊಂಡು, ಒಳಗಿನ ಬೇರಿಂಗು ತಿರುಗಲಾರದೆ ಕಾದು ಕೆಡುತ್ತಿತ್ತು. ಡಬ್ಬಿ ಬದಲಿಸಿದ್ದಾಯಿತು, ಬಣ್ಣವನ್ನೂ ಬದಲಿಸಿದ್ದಾಯಿತು. ಬೋಲ್ಟು ಬಿಗಿಯುವ ಕೈ ಬದಲಾಗಲು ಬಹಳ ಕಾಲ ಹಿಡಿಯಿತು.

ಇನ್ನೊಂದು ಸಲ ಬೇರಿಂಗ್ ಹಾಕಿದ ವಾರದೊಳಗೇ ಗಾಡಿಯೊಂದು ನರಳಲು ಶುರುಮಾಡಿತು. ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಇರಬೇಕಾದ ಕೊಳವೆಯೇ ಇಲ್ಲ. ಡ್ರೈವರ್ ಹನುಮಂತಣ್ಣ ಅದನ್ನು ತೆಗೆದು ಕಿಟಕಿಯ ಪರದೆ ಕಟ್ಟಲು ಮನೆಗೆ ಒಯ್ದಿದ್ದ. ಯಾಕಪ್ಪ ಎಂದು ಕೇಳಿದರೆ, ಅದು ಏನೂ ಕೆಲಸ ಮಾಡದೆ ಸುಮ್ಮನೆ ಕೂತಿತ್ತು, ಅದಕ್ಕೇ ತೆಗೆದೆ ಎಂದು ತಣ್ಣಗೆ ಹೇಳಿದ. ಎರಡು ಬೇರಿಂಗು ಒಂದನ್ನೊಂದು ಒತ್ತಿಕೊಳ್ಳದಂತೆ ನಡುವೆ ನಿಲ್ಲುವುದೇ ಅದರ ಕೆಲಸ ಎಂದು ತಿಳಿಸಿ ಹೇಳಿದ ಮೇಲೆ, ಸಂಜೆಯೇ ತಂದುಕೊಟ್ಟ. ಜೊತೆಗೆ ಪರದೆಯೂ ಬಂದಿತ್ತು, ಬಿಚ್ಚಲು ಆಗಿರಲಿಲ್ಲವಂತೆ.

ಹನುಮಂತಣ್ಣ ಡಿ. ಹಿರೇಹಾಳ್ ಕಡೆಯವನು. ಕುರಿ ಸಾಕುವ ಮನೆ. ಗಾಡಿಯನ್ನು ಕುರಿಯ ಹಾಗೆಯೇ ನೋಡುತ್ತಿದ್ದ, ತಟ್ಟುವುದು, ಸವರುವುದು, ಬೈಯುವುದು. ಗ್ರೀಸನ್ನೂ ಮೇವಿನ ಹಾಗೆ ಹೊಟ್ಟೆ ತುಂಬ ಹಾಕುತ್ತಿದ್ದ. ಬಾಯಿಂದ ಹೊರಗೆ ಬರುವವರೆಗೂ ಪಂಪು ಒತ್ತಿ, ಸೀಲನ್ನೇ ಹೊರಗೆ ನೂಕಿಬಿಟ್ಟದ್ದುಂಟು. ಅವನನ್ನು ಯಾರೂ ಬೈಯಲಾರರು. ಅವನ ಗಾಡಿ ಹತ್ತಿದವರು ಕಲ್ಲಿನ ದಾರಿಯಲ್ಲೂ ತೂಕಡಿಸುತ್ತ ಹೋಗಿ ಬರುತ್ತಿದ್ದರು.

ಪ್ರಾಜೆಕ್ಟಿಗೆ ನಾನು ಮೂರು ಬಗೆಯ ಡಬ್ಬಿ ತರಿಸಿದೆ. ಒಂದು ದಪ್ಪ ಗೋಡೆಯ ಭಾರದ್ದು. ಇನ್ನೊಂದು ಮ್ಯಾನೇಜರರಿಗೆ ಪ್ರಿಯವಾದ ಕೆಂಪು ಡಬ್ಬಿ. ಮೂರನೆಯದು ನೋಡಲು ಏನೂ ಇಲ್ಲ, ಬೂದಿ ಬಣ್ಣ, ಒರಟು ಮೈ. ಅದರ ಸೀಲಿಗೆ ಎರಡು ತುಟಿ ಇದ್ದವು, ಹೊರಗಿನಿಂದ ಗ್ರೀಸ್ ತುಂಬಲು ಒಂದು ಸಣ್ಣ ಮೊಲೆಯಂಥ ನಿಪ್ಪಲು ಇತ್ತು. ಮೂರು ಗಾಡಿಗೆ ಮೂರನ್ನು ಹಾಕಿಸಿ, ಮಳೆಗಾಲ ಪೂರ್ತಿ ಓಡಿಸಿ, ದೀಪಾವಳಿಯ ಮೇಲೆ ಬಿಚ್ಚಿ ನೋಡುವುದು ಎಂದು ಗೊತ್ತುಮಾಡಿದೆ. ಭಾರದ್ದೇ ಗೆಲ್ಲುತ್ತದೆ ಎಂದು ನನಗೆ ಗ್ಯಾರಂಟಿ ಇತ್ತು. ಎಷ್ಟು ಭಾರ ತಡೆಯಬಲ್ಲದು ಎಂಬ ಲೆಕ್ಕವನ್ನೆಲ್ಲ ಮೊದಲೇ ಬರೆದಿಟ್ಟುಕೊಂಡಿದ್ದೆ. ಮಳೆಗಾಲ ಚೆನ್ನಾಗಿಯೇ ಹೋಯಿತು. ಎರೆಮಣ್ಣು ಮೆತ್ತಿಕೊಂಡು ಬಂದರೂ, ಮಡಕಶಿರಾ ಕಡೆಯ ಕೆಂಪು ಮರಳು ತುಂಬಿಕೊಂಡು ಬಂದರೂ ಮೂರೂ ಬೆಕ್ಕಿನ ಹಾಗೆ ಗುರುಗುಟ್ಟುತ್ತಿದ್ದವು. ಬೆಳಿಗ್ಗೆ ಒಂದೊಂದರ ಮೇಲೂ ಅಂಗೈಯಿಟ್ಟು ನಿಂತರೆ ಪದವಿ ಆಗಲೇ ಕೈಗೆ ಬಂದ ಹಾಗೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಷೆಡ್ಡಿನಲ್ಲಿ ಆ ಹಬ್ಬದ ರೀತಿಯೇ ಬೇರೆ. ಫ್ಯಾನು ನಿಲ್ಲುವುದಿಲ್ಲ, ಹೀಗಾಗಿ ಹಬ್ಬದ ಬೆಳಿಗ್ಗೆಯೂ ಗಾಡಿಗಳು ಗುಡ್ಡ ಹತ್ತಿ ಇಳಿಯಲೇಬೇಕು. ಇಳಿದ ಕೂಡಲೇ ಯಾರು ಮೊದಲು ವಾಟರ್ ಸರ್ವಿಸ್ ಮಾಡಿಸಿ ಹೂವು ಕಟ್ಟುತ್ತಾರೋ ಎಂದು ಡ್ರೈವರುಗಳಲ್ಲಿ ಪೈಪೋಟಿ. ಸುಡುವ ಗಾಡಿಯನ್ನು ಹಾಗೆಯೇ ನಿಲ್ಲಿಸಿ, ಜೋರು ಪಂಪಿನ ನೀರನ್ನು ಚೈನಿನ ಸಂದಿಗೆ, ಡಬ್ಬಿಯ ಬಾಯಿಗೆ, ಎಲ್ಲೆಲ್ಲಿ ಮಣ್ಣಿದೆಯೋ ಅಲ್ಲೆಲ್ಲ ಬಿಡುತ್ತಾರೆ. ಆಮೇಲೆ ವಿಭೂತಿ, ಕುಂಕುಮ, ಬಾಳೆಕಂದು, ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಪೂಜೆಯಾದ ಮೇಲೆ ಹಬ್ಬ ಕಳೆಯುವವರೆಗೂ ಯಾರೂ ಗಾಡಿ ಅಲುಗಿಸುವುದಿಲ್ಲ. ನನ್ನ ಮೂರು ಗಾಡಿಗಳನ್ನೂ ಎಲ್ಲಕ್ಕಿಂತ ಚೆನ್ನಾಗಿ ತೊಳೆದಿದ್ದರು. ಅಕ್ಕನವರ ಪರೀಕ್ಷೆಯ ಗಾಡಿ ಎಂದು ಹನುಮಂತಣ್ಣ ಇನ್ನೊಂದು ಸುತ್ತು ನೀರು ಬಿಡಿಸಿದ್ದನಂತೆ. ಅವನು ಕೊಟ್ಟ ಮಂಡಕ್ಕಿ ಪ್ರಸಾದ ತಿನ್ನುತ್ತ ಹೂವಿನ ಗಾಡಿಗಳನ್ನು ನೋಡಿ ನಾನೂ ಖುಷಿಪಟ್ಟೆ.

ಹಬ್ಬ ಕಳೆದು ಗಾಡಿ ಹೊರಟಾಗ ಭಾರದ ಡಬ್ಬಿ ರಾಗಿ ಬೀಸತೊಡಗಿತು. ಬಿಚ್ಚಿದೆವು. ಒಳಗಿನಿಂದ ಕಾಫಿಯಂಥ ನೀರು ಸುರಿಯಿತು, ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ. ಪಂಪಾಪತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ನೋಡದೆ ಹೇಳಿದರು:

"ನಾ ಅಂದಿದ್ನಲ್ರಿ. ಈ ಗಾಡಿ ನಂಬಿ ಪರೀಕ್ಷಿಗೆ ಕುಂದ್ರಬಾರ್ದು. ಈಗ ಕಾಲೇಜ್ನೋರಿಗೆ ಏನಂತ ಹೇಳ್ತೀರಿ, ಹಬ್ಬ ಬಂತು ಅಂತೀರೇನು?"

ಮನೆಗೆ ಹೋಗಿ ಅಂಗಳದ ಕಟ್ಟೆಯ ಮೇಲೆ ಕೂತೆ. ಆ ಸಂಜೆ ಹೇಗಿತ್ತೆಂದರೆ, ಎದುರಿಗಿದ್ದದ್ದೆಲ್ಲ ದೂರ ಸರಿದು, ನೀರಿನೊಳಗಿಂದ ನೋಡಿದ ಹಾಗೆ ಅಲುಗಾಡುತ್ತಿತ್ತು. ಮಾವ ಹೊಸ ಜೀನ್ಸ್ ಬಟ್ಟೆಯ ತುಂಡುಗಳನ್ನು ತೊಳೆದು ಹಗ್ಗದ ಮೇಲೆ ಒಣಹಾಕಿದ್ದರು. ಒಣಗಿದ್ದನ್ನು ಒಂದೊಂದಾಗಿ ತೆಗೆದು ಮೊಣಕಾಲಿನ ಮೇಲೆ ಹರವಿ ಟೇಪು ಹಿಡಿದು ಅಳೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಇದು ದಿನದ ಕೆಲಸ. ಬಟ್ಟೆಯ ಹೊಸ ಥಾನು ಬಂದರೆ ಮೊದಲು ಒಂದು ತುಂಡನ್ನು ತೊಳೆದು, ಎಷ್ಟು ಕುಗ್ಗಿತು ಎಂದು ನೋಡಿ, ಆಮೇಲೆ ಕತ್ತರಿ ಹಾಕುವುದು. ತೊಳೆಯದ ಬಟ್ಟೆಯ ಅಳತೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಾ ನೋಡುತ್ತಿದ್ದದ್ದನ್ನೇ ನಾನು ಆವತ್ತು ಸುಮ್ಮನೆ ನೋಡುತ್ತ ಕೂತಿದ್ದೆ. ಟೇಪು ಸುತ್ತಿಕೊಳ್ಳುವುದನ್ನು ನೋಡುತ್ತಿದ್ದ ಹಾಗೆ ತಲೆಯೊಳಗೆ ಏನೋ ಮೆಲ್ಲಗೆ ತಿರುಗಿತು. ನಾನು ಡಬ್ಬಿಗಳನ್ನು ತೊಳೆಯದೆಯೇ ಅಳೆದಿದ್ದೆ. ಮುರಿಯುತ್ತವೆಯೋ ಎಂದು ನೋಡಿದ್ದೆ. ನಮ್ಮ ಷೆಡ್ಡಿನಲ್ಲಿ ಅದುವರೆಗೆ ಒಂದು ಡಬ್ಬಿಯೂ ಮುರಿದಿರಲಿಲ್ಲ. ಕೆಟ್ಟದ್ದೇನಿದ್ದರೂ ಒಳಗಿನ ಬೇರಿಂಗು.

ಮಾರನೆಯ ದಿನ ಉಳಿದ ಎರಡನ್ನೂ ಬಿಚ್ಚಿಸಿದೆ. ಕೆಂಪು ಡಬ್ಬಿಯಲ್ಲೂ ತೇವ. ಬೂದಿ ಬಣ್ಣದ್ದರಲ್ಲಿ ಮಾತ್ರ ಗ್ರೀಸು ಹಾಕಿದಂತೆಯೇ ಇತ್ತು, ಜೇನಿನ ಬಣ್ಣ. ಇದಕ್ಕೆ ಕಾರಣ ಅಡುಗೆಮನೆಯಲ್ಲೇ ಇದೆ. ಬಿಸಿ ಲೋಟವನ್ನು ಒದ್ದೆ ತಟ್ಟೆಯ ಮೇಲೆ ಬೋರಲು ಹಾಕಿ ನೋಡಿ, ಆರುತ್ತ ಆರುತ್ತ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಡುವ ಡಬ್ಬಿಗೆ ತಣ್ಣೀರು ಬಿದ್ದರೆ ಅದೂ ಹಾಗೆಯೇ ಎಳೆದುಕೊಳ್ಳುತ್ತದೆ. ಒಂದು ತುಟಿಯ ಸೀಲು ಅದನ್ನು ತಡೆಯಲಾರದು. ಎರಡು ತುಟಿ, ನಡುವೆ ಗ್ರೀಸಿನ ತಡೆ ಇದ್ದರೆ ನೀರು ಹೊರಗೇ ನಿಲ್ಲುತ್ತದೆ.

ಕಾಲೇಜಿನ ಮೇಷ್ಟ್ರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಒಂದು ಸಲ ಆದದ್ದು ಅದೃಷ್ಟವೂ ಇರಬಹುದು, ಗಾಡಿಯ ಗುಣವೋ ಡ್ರೈವರಿನ ಗುಣವೋ ಇರಬಹುದು, ಮತ್ತೆ ಮಾಡಿ ತೋರಿಸಿದರೆ ಒಪ್ಪುತ್ತೇನೆ ಎಂದರು. ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಮೂರಕ್ಕೂ ಹೊಸ ಬೇರಿಂಗು ಹಾಕಿ, ಡಬ್ಬಿಗಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಬದಲಾಯಿಸಿ, ಗುಡ್ಡ ಹತ್ತಿಸಿ ಇಳಿಸಿ, ಬಿಸಿಯಲ್ಲೇ ವಾಟರ್ ಸರ್ವಿಸ್ ಮಾಡಿಸಬೇಕೆಂದು ಪಂಪಾಪತಿಯವರನ್ನು ಕೇಳಿಕೊಂಡೆ. ಅವರು ತಲೆ ಕೆರೆದುಕೊಂಡರು. ನಿಮ್ಮ ಹುಚ್ಚಿಗೆ ನನ್ನ ಬೇರಿಂಗುಗಳು ಹೋಗುತ್ತವೆ ಎಂದು ಗೊಣಗುತ್ತಲೇ ಪಾನಾ ಎತ್ತಿಕೊಂಡರು.

ತೊಳೆಯುವ ದಿನ ಹನುಮಂತಣ್ಣ ಪಂಪಿನ ಪೈಪು ಹಿಡಿದು ನಿಂತ. "ಇವತ್ತು ಯಾವ ಹಬ್ಬರಿ ಅಕ್ಕಾರ?"

"ನನ್ನ ಹಬ್ಬ ಕಣಪ್ಪ. ಆವತ್ತು ಹೆಂಗೆ ಬಿಟ್ಟಿದ್ದೆಯೋ ಹಂಗೇ ಬಿಡು."

ಅವನು ಹಾಗೇ ಬಿಟ್ಟ. ತೊಳೆದ ಮೇಲೆ ಅಂಗಿಯ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಮೂರು ಗಾಡಿಗೂ ಬೊಟ್ಟಿಟ್ಟ. ಇದೆಲ್ಲ ಬೇಡ, ತೊಳೆದರೆ ಸಾಕು ಎಂದೆ. "ಸುಮ್ನ ತೊಳದು ಬಿಟ್ರ ಗಾಡಿ ಬ್ಯಾಸರ ಮಾಡ್ಕಂತೈತ್ರಿ," ಅಂದ. ಪಂಪಾಪತಿ ನಕ್ಕುಬಿಟ್ಟರು. ಹಬ್ಬದಲ್ಲಿ ಮಾಡಿದಂತೆಯೇ ಗಾಡಿಗಳನ್ನು ಅಲುಗಿಸದೆ ಬಿಟ್ಟು, ಆಮೇಲೆ ಬಿಚ್ಚಿದೆವು. ಭಾರದ್ದು ಒದ್ದೆ. ಕೆಂಪು ಒದ್ದೆ. ಬೂದಿ ಬಣ್ಣದ್ದನ್ನು ಬಿಚ್ಚುವ ಮುಂಚೆ ಪಂಪಾಪತಿ ತಾವೇ ಕಣ್ಣು ಮುಚ್ಚಿ ಅದರ ಮೇಲೆ ಅಂಗೈಯಿಟ್ಟರು. ಅಂಗಳದ ಮೇಲೆ ಗುಡ್ಡದ ಫ್ಯಾನಿನ ನೆರಳು ಒಂದು ಬಂತು, ಹೋಯಿತು, ಇನ್ನೊಂದು ಬಂತು. ಬಿಚ್ಚಿದಾಗ ಒಳಗೆ ಜೇನಿನ ಬಣ್ಣ.

ಪರೀಕ್ಷೆಗೆ ಮೂರು ಡಬ್ಬಿಗಳನ್ನೂ ಗೋಣಿಚೀಲದಲ್ಲಿ ಕಟ್ಟಿ ಬಳ್ಳಾರಿ ಬಸ್ಸು ಹತ್ತಿದೆ. ಸೀಟಿನ ಕೆಳಗೆ ಅವು ಒಂದಕ್ಕೊಂದು ತಾಗಿ ಟಣ್ ಎನ್ನುತ್ತಿದ್ದವು. ಅಮ್ಮಾ, ಯಾವ ದೇವರಿಗೆ ಈ ಗಂಟೆ ಎಂದು ಕಂಡಕ್ಟರು ತೆಲುಗಿನಲ್ಲಿ ಕೇಳಿದ. ಕಿಟಕಿಯಾಚೆ ಹತ್ತಿಯ ಹೊಲ, ಕುರಿ ಮಂದೆ, ಬಿಸಿಲು, ಎಲ್ಲ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದವು. ಭಯವಾಗುವ ಬದಲು ನಿದ್ದೆ ಬರುತ್ತಿತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು: ಅತಿ ಬಲವಾದ ಡಬ್ಬಿ ಇರುವಾಗ ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿದ್ದು ಯಾಕೆ? ನಾನು ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷು ಅಲ್ಲಿಗೆ ನಿಂತಿತು. ಆಮೇಲೆ ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ತಿಳಿದ ಇಂಗ್ಲಿಷಿನಲ್ಲಿ, ಸಾಲದ್ದಕ್ಕೆ ಕನ್ನಡದಲ್ಲಿ ಹೇಳಿದೆ: ಮೂರೂ ಬಲವಾಗಿಯೇ ಇವೆ, ಲೆಕ್ಕ ಬರೆದಿದ್ದೇನೆ, ನೋಡಿ. ನಮ್ಮಲ್ಲಿ ಬಲ ಸಾಲದೆ ಕೆಟ್ಟದ್ದು ಒಂದೂ ಇಲ್ಲ. ಹಬ್ಬದ ನೀರಿಗೆ ಕೆಟ್ಟಿವೆ. ಹಬ್ಬವನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ, ಮನಸ್ಸೂ ಇಲ್ಲ. ಅದಕ್ಕೆ ಹಬ್ಬ ತಡೆಯುವ ಡಬ್ಬಿ ಆರಿಸಿದೆ. ಪರೀಕ್ಷಕರು ಬೂದಿ ಬಣ್ಣದ್ದನ್ನು ಎತ್ತಿ ಸೀಲಿನ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹಬ್ಬದಲ್ಲಿ ಎಷ್ಟು ಜೋರಾಗಿ ನೀರು ಬಿಡುತ್ತಾರೆ ಎಂದು ಈ ಸಲ ಕನ್ನಡದಲ್ಲೇ ಕೇಳಿದರು. ನಾನು ಹನುಮಂತಣ್ಣನ ಕಥೆ ಹೇಳಿದೆ. ಅವರು ನಕ್ಕರು, ಬರೆದುಕೊಂಡರು.

ಹೊಸಬರಿಗೆ ನನ್ನ ಅನುಭವದಿಂದ ಹೇಳಬೇಕಾದದ್ದು ಇಷ್ಟೇ. ಬಿಡಿಭಾಗ ಆರಿಸುವಾಗ ಅದು ಹೋಗುವ ಊರನ್ನೂ ಆರಿಸುತ್ತಿದ್ದೀರಿ. ಅಲ್ಲಿನ ಮಣ್ಣು, ಅಲ್ಲಿನ ಕೈ, ಅಲ್ಲಿನ ಹಬ್ಬ ಎಲ್ಲ ಅದರೊಳಗೆ ಹೋಗುತ್ತವೆ. ಸ್ಟೋರಿನಲ್ಲಿ ಕೂತು ನೋಡಿದರೆ ಅದು ಕಾಣುವುದಿಲ್ಲ, ಅಂಗಳಕ್ಕೆ ಬನ್ನಿ.

ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಹೇಳಿಕಳಿಸಿದ ದಿನ ನಮ್ಮವರಿಗೆ ಬಿಡುವಿರಲಿಲ್ಲ. ಮಾವ, ಹೇಗೂ ಜಿಪ್ಪು ಗುಂಡಿ ತರಲು ಬಳ್ಳಾರಿಗೆ ಹೋಗಬೇಕು ಎಂದು ಜೊತೆಗೆ ಹೊರಟರು. ಸಭೆ ಇಲ್ಲ, ಚಪ್ಪಾಳೆ ಇಲ್ಲ. ಕಚೇರಿಯ ಕಿಟಕಿಯಲ್ಲಿ ಗುಮಾಸ್ತೆ ನನ್ನ ಹೆಸರು ಕೂಗಿ, ಸಹಿ ಹಾಕಿಸಿಕೊಂಡು, ದಪ್ಪ ಹಾಳೆಯನ್ನು ಹೊರಗೆ ಚಾಚಿದಳು. ಅದರ ಮೇಲೆ ನನ್ನ ಹೆಸರನ್ನು ಓದಿದೆ, ಮತ್ತೆ ಓದಿದೆ. ಅಕ್ಷರಗಳು ತೇಲುತ್ತಿದ್ದವು.

ಮಾವನಿಗೆ ಓದಲು ಬರುವುದಿಲ್ಲ. ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಥಾನು ನೋಡುವ ಹಾಗೆ ಉಜ್ಜಿದರು. ಹಾಳೆಯನ್ನು ವಾಪಸು ಕೊಡುತ್ತ ಅವರು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ತೊಳದು ಬಂದ ಬಟ್ಟಿ ಇದು, ಬಿಡವ್ವ. ಇನ್ನ ಕುಗ್ಗಂಗಿಲ್ಲ."